ಅವ್ವನ ಕೋಣೆಯ ನೆಲ

ಗಿರಿಜಾ, ನಿನ್ನ ಅವ್ವನಿಗೆ ತಲೆಸುತ್ತು ಇರಲಿಲ್ಲ. ಅಲುಗುತ್ತಿದ್ದದ್ದು ನಿನ್ನ ಸ್ಯಾನ್ ಮಟಿಯೋ ಮನೆಯ ಮಹಡಿಯ ನೆಲ. ಅದು ನನಗೆ ಗೊತ್ತಿತ್ತು — ಮೊದಲ ದಿನದಿಂದಲೂ.

ಹೋದ ವಾರ ಫೋನಿನಲ್ಲಿ ನೀನು, “ಶೈಲಕ್ಕಾ, ಅವ್ವನ ರೂಮಿಗೆ ಶಿಫ್ಟ್ ಆದಾಗಿಂದ ನನಗೂ ತಲಿ ತಿರಗಾಕತ್ತೈತಿ. ಆಕಿ ರೋಗ ನನಗೂ ಬಂತೇನೋ, ಸ್ಕ್ಯಾನಿಗೆ ಹೊಂಟೀನಿ” ಎಂದೆ. ಆಮೇಲೆ ನನ್ನಿಂದ ಸುಮ್ಮನಿರಲಾಗಲಿಲ್ಲ.

ನಿನ್ನ ಮಹಡಿಯನ್ನು ಹೊತ್ತಿರುವುದು ಇಡೀ ಮರದ ತೊಲೆಗಳಲ್ಲ. ಕಾರ್ಖಾನೆಯಲ್ಲಿ ಅಂಟಿಸಿ ಮಾಡಿದವು — ಮೇಲೊಂದು, ಕೆಳಗೊಂದು ಗಟ್ಟಿ ಪಟ್ಟಿ, ನಡುವೆ ತೆಳು ಹಲಗೆ. ಹಲಗೆಯಲ್ಲಿ ಅಳತೆ ನೋಡಿ ತೂತು ಕೊರೆಯಬಹುದು. ಪಟ್ಟಿಯನ್ನು ಮಾತ್ರ ಮುಟ್ಟಬಾರದು. ಮನೆ ರಿಪೇರಿಯ ಗುತ್ತಿಗೆಯೇ ನನ್ನ ಕಸುಬು; ರಿಪೇರಿ ಮಾಡಿಸುವವರಿಗೆಲ್ಲ ಈ ಪಾಠ ಹೇಳುವವಳು ನಾನೇ.

ಅವ್ವನ ಕೋಣೆಗೆ ಅಂಟಿಕೊಂಡಂತೆ ಬಚ್ಚಲು ಬೇಕೆಂದು ನೀನು ಕೆಲಸವನ್ನು ನನಗೆ ಒಪ್ಪಿಸಿದ್ದೆ. ಕಟ್ಟಡದ ಕೆಲಸ ತಪಾಸಣೆ ಮಾಡುವ ನಗರಸಭೆಯ ಇನ್‌ಸ್ಪೆಕ್ಟರ್ ನೋಡಿ ಹೋದ ಮೇಲೆ ಪ್ಲಂಬರ್ ಕರೆದ — ಪೈಪಿಗೆ ಇಳಿಜಾರು ಸಾಲುತ್ತಿಲ್ಲ, ಎರಡು ತೊಲೆಗಳ ಕೆಳಪಟ್ಟಿ ಅಡ್ಡ ಬರುತ್ತಿದೆ ಎಂದ. ಗೃಹಪ್ರವೇಶಕ್ಕೆ ಮುಹೂರ್ತ ಇಟ್ಟಾಗಿತ್ತು, ತಪ್ಪಿದರೆ ಆಷಾಢ. ಧಾರವಾಡದಿಂದ ಅವ್ವ ಆಗಲೇ ಬಂದಿಳಿದಿದ್ದರು. ಎಂಜಿನಿಯರ್‌ನಿಂದ ನಕ್ಷೆ ಬರೆಸಿ, ಹಲಗೆಯ ಎರಡೂ ಬದಿ ಪ್ಲೈವುಡ್ ತುಂಬಿ, ಉದ್ದಕ್ಕೂ ಹೊಸ ತೊಲೆ ಜೋಡಿಸಿ, ಇನ್‌ಸ್ಪೆಕ್ಟರನ್ನು ಮತ್ತೆ ಕರೆಸಬೇಕಿತ್ತು; ಅಷ್ಟರಲ್ಲಿ ಮುಹೂರ್ತ ದಾಟಿಹೋಗುತ್ತಿತ್ತು. “ಕತ್ತರಿಸು. ಪಕ್ಕಕ್ಕೊಂದು ಮರದ ತುಂಡು ಹೊಡೆದುಬಿಡು” ಎಂದೆ. ಅವನು ನನ್ನ ಮುಖ ನೋಡಿದ. ನಾನು ಕೆಳಗಿನ ಲಿವಿಂಗ್ ರೂಮಿನ ಚಾವಣಿ ಮುಚ್ಚುವವರಿಗೆ ಫೋನ್ ಮಾಡಿದೆ.

ಮುಹೂರ್ತಕ್ಕೆ ಸರಿಯಾಗಿ ಹಾಲು ಉಕ್ಕಿತು. “ನಮ್ಮ ಶೈಲಕ್ಕ ಮಾತಂದ್ರ ಮಾತು” ಎಂದು ನೀನು ಎಲ್ಲರೆದುರು ಹೊಗಳಿದೆ. ನಾನು ಹೋಳಿಗೆ ತಿಂದೆ.

ಕೆಲವು ವಾರಗಳ ಮೇಲೆ ಅವ್ವ ನನ್ನನ್ನು ಕೋಣೆಗೆ ಕರೆದರು. ನೆಲದ ಮೇಲೆ ನೀರು ತುಂಬಿದ ತಂಬಿಗೆ ಇಟ್ಟು, ಅದರ ಪಕ್ಕ ದಪದಪ ನಡೆದರು. ನೀರು ನಡುಗಿತು. “ನೋಡವಾ, ನನಗ ತಲಿ ತಿರಗತೈತಿ ಅಂತಾರ. ತಂಬಗಿಗೂ ತಿರಗತೈತೇನು?”

ಬಾಗಿಲಲ್ಲಿ ನಿಂತಿದ್ದ ನೀನು ನಕ್ಕುಬಿಟ್ಟೆ. ನಾನೂ ನಕ್ಕೆ. “ಅಮ್ಮಾ, ಇಲ್ಲಿ ಮರದ ಮನೆ, ಸ್ವಲ್ಪ ಹಿಂಗೇ. ನಿಮಗೂ ವಯಸ್ಸಾಯ್ತಲ್ಲ, ಒಂದ್ಸಲ ಡಾಕ್ಟ್ರಿಗೆ ತೋರಿಸಿಬಿಡಿ.” ಆ ಮಾತು — ಅದು ನನ್ನದು. ಒಳ್ಳೆಯ ಡಾಕ್ಟರು ಯಾರೆಂದು ಹೇಳಿದವಳೂ ನಾನೇ. ಸಲಹೆ ಕೊಡುವುದರಲ್ಲಿ ನಾನು ಎಂದೂ ಹಿಂದೆ ಬಿದ್ದವಳಲ್ಲ.

ಮಾತ್ರೆ ಬಂತು, ವಾಕರ್ ಬಂತು. ದಿನಾ ಪಾರ್ಕಿಗೆ ಒಬ್ಬರೇ ನಡೆದುಹೋಗಿ, ಗುಜರಾತಿ ಅಜ್ಜಿಯರ ಜೊತೆ ಕೈಸನ್ನೆಯಲ್ಲೇ ಹರಟಿ ಬರುತ್ತಿದ್ದವರು, ಬೀಳುತ್ತೇನೆಂಬ ಭಯಕ್ಕೆ ಮಂಚ ಹಿಡಿದರು. ಕುಳಿತ ಕಾಲು ಕೊನೆಗೆ ನಿಜವಾಗಿಯೂ ಸೋತಿತು. ಹೊರಗೆ ಹೋಗಬೇಡವೆಂದು ನೀನು ಅವರನ್ನು ತಡೆದದ್ದು ಪ್ರೀತಿಯಿಂದ. ನಾನು ಸುಮ್ಮನಿದ್ದದ್ದು — ಹೆಸರು ಕೆಡುತ್ತದೆಂದು. ಬೇರೆ ಕಾರಣ ಹುಡುಕಿದ್ದೇನೆ, ಸಿಕ್ಕಿಲ್ಲ.

ಸ್ಕ್ಯಾನಿಗೆ ಹೋಗುವುದಿದ್ದರೆ ಹೋಗು; ಆದರೆ ಇವತ್ತೇ ಆ ಕೋಣೆ ಬಿಡು. ಬಚ್ಚಲಿನ ಟಬ್ಬಿಗೆ ನೀರು ತುಂಬಬೇಡ, ಆ ಭಾರವನ್ನು ಕತ್ತರಿಸಿದ ತೊಲೆ ತಾಳಲಿಕ್ಕಿಲ್ಲ. ನನಗೆ ಪರಿಚಯವಿರುವ ಯಾರನ್ನೂ ಕರೆಯಬೇಡ, ನಿನ್ನದೇ ಎಂಜಿನಿಯರ್ ಹುಡುಕು. ಲಿವಿಂಗ್ ರೂಮಿನ ಚಾವಣಿಯನ್ನು ಬಚ್ಚಲಿನ ಕೆಳಗೆ ಒಡೆಸು, ಕತ್ತರಿಸಿದ್ದು ಕಾಣುತ್ತದೆ. ರಿಪೇರಿ ನನ್ನ ಹೊಣೆ. ಒಳಗೆ ಕರೆದರೆ ನಿನ್ನ ಪಕ್ಕದಲ್ಲೇ ನಿಂತು ನೋಡುತ್ತೇನೆ. ಕರೆಯದಿದ್ದರೆ, ಅದೂ ನ್ಯಾಯವೇ.

ಇನ್ನೊಂದಿದೆ, ಅದು ನಿನಗೆ ಗೊತ್ತಿಲ್ಲ. ಅವ್ವ ಊರಿಗೆ ಹೊರಟ ದಿನ, ಏರ್‌ಪೋರ್ಟಿನಲ್ಲಿ ನೀನು ಲಗೇಜಿನ ಸಾಲಿನಲ್ಲಿದ್ದೆ. ವೀಲ್‌ಚೇರಿನಲ್ಲಿ ಕುಳಿತವರು ನನ್ನ ಕೈ ಹಿಡಿದು ಕೇಳಿದರು: “ಖರೇ ಹೇಳು ತಂಗಿ, ನೆಲಾ ಅಳ್ಳಾಡಿದ್ದು ನಿನಗ ಗೊತ್ತಾಗಲಿಲ್ಲೇನು?”

ನಾನು ಅವರ ಶಾಲು ಸರಿಮಾಡಿದೆ. ಮುಂದಿನ ದೀಪಾವಳಿಗೆ ಅವರಿರಲಿಲ್ಲ.

ಗೊತ್ತಾಗಿತ್ತು ಅಮ್ಮಾ — ಇಷ್ಟೇ ಹೇಳಬೇಕಿತ್ತು. ಇವತ್ತು ನಿನಗೆ ಹೇಳುತ್ತಿದ್ದೇನೆ. ಅವರಿಗೆ ಹೇಳಿದಂತಾಗಲಿಲ್ಲ.