ಅರ್ಹ ಕುಟುಂಬದ ಊಟದ ಮೇಜು

ಭಾನುವಾರ ಸಂಜೆ ಹಗ್ಗದ ಮೇಲಿನ ಬಟ್ಟೆಗಳನ್ನೆಲ್ಲ ಮಂಚದ ಮೇಲೆ ಗುಡ್ಡೆ ಹಾಕಿಕೊಂಡು, ಜೋಡಿ ತಪ್ಪಿದ ಕಾಲುಚೀಲಗಳನ್ನು ಹುಡುಕುತ್ತ ಟಿವಿ ನೋಡುವ ಸುಖ ನಿಮಗೂ ಗೊತ್ತಿರಬಹುದು. ನಾನು ಹಾಗೆ ವರ್ಷಗಟ್ಟಲೆ ನೋಡಿದ್ದು ಒಂದೇ ಕಾರ್ಯಕ್ರಮವನ್ನು. ಅರ್ಹ ಕುಟುಂಬಗಳ ಮನೆಯನ್ನು ಪುಕ್ಕಟೆಯಾಗಿ ಹೊಸದು ಮಾಡಿಕೊಡುವ ಅದರ ಇತಿಹಾಸ ನನಗೆ ನಮ್ಮ ಮನೆತನದ ಇತಿಹಾಸಕ್ಕಿಂತ ಚೆನ್ನಾಗಿ ಗೊತ್ತು.

ನಾವು ನಾಸಿಕ್‌ನಲ್ಲಿದ್ದಾಗ, ಯಜಮಾನರು ವಿಮಾನ ಕಾರ್ಖಾನೆಗೆ ಹೋಗುತ್ತಿದ್ದ ಕಾಲದಲ್ಲಿ, ಅದು ಬಲು ಸಾದಾ ಕಾರ್ಯಕ್ರಮ. ಸೋರುವ ಮಾಡಿಗೆ ತಗಡು, ಬಚ್ಚಲಿಗೆ ಬಾಗಿಲು, ಬಾಗಿಲಿಗೆ ಚಿಲಕ. ಮನೆಯವರು ಕೈಮುಗಿದರೆ ಮುಗಿಯಿತು. ಆಮೇಲೆ ಒಬ್ಬ ವಿನ್ಯಾಸಕಾರ ಬಂದ. ಅವನ ಹಿಂದೆ ತೂಗುದೀಪ ಬಂತು, ಬಿಳಿ ಸೋಫಾ ಬಂತು, ಕೊನೆಗೆ ಕಣ್ಣೀರು ಬಂತು. ಕಣ್ಣೀರು ಒಮ್ಮೆ ಒಳಗೆ ಕಾಲಿಟ್ಟ ಮೇಲೆ ಚಿಲಕವನ್ನು ಯಾರು ಕೇಳುತ್ತಾರೆ ಹೇಳಿ? ಅರ್ಹತೆಯ ಲಕ್ಷಣವೂ ಬದಲಾಯಿತು. ಗೋಡೆ ಬಿರುಕು ಬಿಟ್ಟಿರಬೇಕು, ಆದರೆ ಬಿರುಕಿನ ಮೇಲೆ ಬೆಳಕು ಚಂದವಾಗಿ ಬೀಳಬೇಕು. ಬಡತನವಿರಬೇಕು, ಆದರೆ ಅದಕ್ಕೆ ಬಿಕ್ಕಲು ಬರಬೇಕು.

ಯಜಮಾನರಿಗೆ ಶೇಂದ್ರಾದ ಕಾರ್ಖಾನೆಯೊಂದರಲ್ಲಿ ಕೆಲಸವಾಗಿ ನಾವು ಅದರ ಪಕ್ಕದ ಸಂಭಾಜಿನಗರಕ್ಕೆ ಬಂದ ಮೇಲೆ ಆ ಕಾರ್ಯಕ್ರಮವೂ ನಮ್ಮ ಬೆನ್ನು ಹತ್ತಿದಂತೆ ನಮ್ಮ ಓಣಿಗೇ ಬಂತು. ಅರ್ಹಳಾದವಳು ನಮ್ಮ ಹಿತ್ತಿಲಾಚೆಯ ಮನೆಯ ಶಿವಕ್ಕ. ವಿಜಯಪುರದ ಕಡೆಯವಳು, ಶೇಂದ್ರಾದ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮ ಕಡೆಯ ಹುಡುಗರ ಡಬ್ಬಿಗಳಿಗೆ ಜೋಳದ ರೊಟ್ಟಿ ಬಡಿಯುವವಳು. ಸಂಸಾರವೆಲ್ಲ ಆ ರೊಟ್ಟಿಯ ಮೇಲೆಯೇ. ಅರ್ಜಿ ಹಾಕಿದವಳು ಅವಳ ಮಗಳು ಪೂಜಾ. ಕನ್ನಡ ಕೇಳಿಸಿಕೊಂಡು ಮರಾಠಿಯಲ್ಲಿ ಉತ್ತರಿಸುವ ಹುಡುಗಿ.

ಚಿತ್ರೀಕರಣದ ದಿನ ನಿರೂಪಕಿ, ಗಂಡನನ್ನು ನೆನೆದು ಸ್ವಲ್ಪ ಅಳಿ ಎಂದು ಹಿಂದಿಯಲ್ಲಿ ಮೆಲ್ಲಗೆ ಕೇಳಿಕೊಂಡಳು. ಶಿವಕ್ಕ ಹಿಂತಿರುಗಿ ನೋಡಿದಳು. ಗಂಡ ಅಲ್ಲೇ, ಚಿತ್ರೀಕರಣದವರದೇ ದೀಪವನ್ನು ಎತ್ತಿ ಹಿಡಿದು ನಿಂತಿದ್ದ.

"ಅಂವಾ ಇಲ್ಲೇ ನಿಂತಾನಲ್ರೀ, ನೆನಿಯೂದೇನು? ಬೈಯೂದಿದ್ರ ಹೇಳ್ರಿ, ಈಗ ಬೈತೇನಿ."

ಮನೆ ನಿಜಕ್ಕೂ ಚಂದವಾಯಿತು, ಸುಳ್ಳು ಹೇಳಬಾರದು. ಮಾಡು ಸೋರುವುದು ನಿಂತಿತು. ಹತ್ತಿರದ ವೇರೂಳಿನ ಗುಹಾದೇವಾಲಯಗಳ ಸ್ಫೂರ್ತಿ ಎಂದು ಹೇಳಿ ಗೋಡೆಗೆ ಕಲ್ಲಿನ ಚಿತ್ರದ ಕಾಗದ ಅಂಟಿಸಿದರು. ಬೆಟ್ಟವನ್ನೇ ಕಡಿದು ಗುಡಿ ಮಾಡಿದವರ ನೆರೆಯಲ್ಲಿ ಕಾಗದದ ಬಂಡೆ! ಆದರೆ ಶಿವಕ್ಕ ಕೂತು ರೊಟ್ಟಿ ಬಡಿಯುತ್ತಿದ್ದ ಪಡಸಾಲೆಯಲ್ಲಿ ಈಗ ಕಲ್ಲಿನ ಹಾಸಿನ ದೊಡ್ಡ ಊಟದ ಮೇಜು ನಿಂತಿತ್ತು, ನೆಲದ ಮೇಲಿನ ಗ್ಯಾಸ್ ಒಲೆ ಅಟ್ಟ ಸೇರಿತ್ತು. ಅಡುಗೆಮನೆಯಲ್ಲಿ ಉರಿಯೇ ಇಲ್ಲದ ನುಣ್ಣನೆಯ ಗಾಜಿನ ಕರೆಂಟ್ ಒಲೆ. ನಡು ತಗ್ಗಾದ ಕಬ್ಬಿಣದ ಹಂಚು ಅದರ ಮೇಲೆ ತೊಟ್ಟಿಲಿನಂತೆ ತೂಗಾಡಿತು, ರೊಟ್ಟಿ ಉಬ್ಬಲಿಲ್ಲ. ಮೇಲಾಗಿ, ಕೆಲವು ತಿಂಗಳ ನಂತರ ಮತ್ತೆ ಬಂದು ಚಿತ್ರ ತೆಗೆಯುತ್ತೇವೆ, ಅಲ್ಲಿಯವರೆಗೆ ಒಂದು ಮೊಳೆಯೂ ಅಲುಗಬಾರದು ಎಂದು ತಂಡದವರ ತಾಕೀತು.

"ನಾಕ ದಿನಾ ರೊಟ್ಟಿ ಸಿಗಲಿಲ್ಲಂದ್ರ ಹುಡುಗ್ರು ಚಪಾತಿ ಮೆಸ್ ಹಚ್ಕೋತಾರ ವೈನಿ," ಎಂದಳು ಶಿವಕ್ಕ ನನಗೆ, ಹೊಸ ಬಿಳಿ ಸೋಫಾದ ಅಂಚಿನಲ್ಲಿ ಬೀಗರ ಮನೆಗೆ ಬಂದವಳಂತೆ ಕೂತು. "ಆಮ್ಯಾಲೆ ಈ ತೂಗೂ ಲೈಟ್ ನೋಡ್ಕೋತ ಕುಂದ್ರೂದ?"

ಎದ್ದು ಮೇಜಿನ ಕಲ್ಲನ್ನು ಅಂಗೈಯಿಂದ ತಟ್ಟಿದಳು. ಇನ್ನೊಮ್ಮೆ ತಟ್ಟಿದಳು. "ಕಲ್ಲ ಭಾಳ ಚಲೋ ಐತಿ. ಕಾಲಷ್ಟ ಉದ್ದ ಆಗ್ಯಾವ."

"ಆಯಿ, ಹಾತ್ ನಕೋ ಲಾವೂ!" ಮುಟ್ಟಬೇಡವೆಂದು ಪೂಜಾ ಕಿರುಚುವಷ್ಟರಲ್ಲಿ ಗಂಡ ಗರಗಸ ತರಲು ಹೋಗಿದ್ದ. ನಾಲ್ಕೂ ಕಾಲು ಮೊಣಕಾಲೆತ್ತರಕ್ಕಿಂತ ಕೆಳಗಿಳಿದವು, ಅಟ್ಟದ ಒಲೆ ನೆಲಕ್ಕಿಳಿಯಿತು, ಹಿಟ್ಟು ಮೇಜಿಗೆ ಬಿತ್ತು. ಓಣಿಯಲ್ಲಿ ಮತ್ತೆ ಪಟಪಟ ಸದ್ದು ಕೇಳಿದಾಗ ಒಬ್ಬ ಹುಡುಗನ ಡಬ್ಬಿಯೂ ಕೈತಪ್ಪಿ ಹೋಗಿರಲಿಲ್ಲ.

ತಂಡ ಮತ್ತೆ ಬಂದ ದಿನ ನಾನು ಬೇಕೆಂದೇ ಮೊಸರು ಕೇಳುವ ನೆಪದಲ್ಲಿ ಹೋದೆ. ಬಿಳಿ ಸೋಫಾದ ಮೇಲೆ ಧೋತರ ಹಾಸಿ ರೊಟ್ಟಿ ಆರಲು ಹಾಕಿತ್ತು. ಕೂರಲು ಜಾಗವಿಲ್ಲದೆ ತಂಡವೆಲ್ಲ ನೆಲದ ಮೇಲೆ. ವಿನ್ಯಾಸಕಾರ ಮೇಜಿನ ಕಡಿದ ಕಾಲುಗಳನ್ನು ನೋಡಿದ, ಕ್ಯಾಮೆರಾ ನೋಡಿದ. ಪೂಜಾ ಸೋಫಾದ ಹಿಂದೆ ಸರಿದಳು. ಅವನು ಒಮ್ಮೆ ಗಂಟಲು ಸರಿಮಾಡಿಕೊಂಡು, ಭಾರತೀಯ ಬದುಕು ನೆಲಕ್ಕೆ ಹತ್ತಿರ, ಮೊದಲಿನಿಂದಲೂ ತನ್ನ ಕಲ್ಪನೆ ಇದೇ ಎಂದ. ಶಿವಕ್ಕ ತಲೆಯೆತ್ತಲಿಲ್ಲ. "ಹೌದ್ರೀ ಸಾಹೇಬ್ರ, ನಿಮ್ದ. ಸ್ವಲ್ಪ ಸರೀರಿ, ಹಂಚು ಸುಡ್ತೈತಿ."

ಈ ವರ್ಷ ನೋಡುತ್ತಿದ್ದೀರಲ್ಲ, ಅರ್ಹರ ಮನೆಗಳಿಗೆಲ್ಲ ಗಿಡ್ಡ ಮೇಜುಗಳದೇ ಕಾಲ. ಮೊನ್ನೆ ನಾಸಿಕ್‌ನ ಒಬ್ಬ ಮುದುಕಿಯ ಮನೆಗೂ ಒಂದು ಬಂತು. ಆಕೆಯನ್ನು ಅದರ ಮುಂದೆ ನೆಲದ ಮೇಲೆ ಕೂರಿಸಿದರು. ಎರಡೂ ಕೈ ಮಂಡಿಗೆ ಹೋದವು, ಕಣ್ಣು ತುಂಬಿತು. ಆನಂದಬಾಷ್ಪ ಎಂದಳು ನಿರೂಪಕಿ. ನಾನೂ ಕೈಯಲ್ಲಿದ್ದ ಕಾಲುಚೀಲದಿಂದಲೇ ಕಣ್ಣೊರೆಸಿಕೊಂಡೆನೆಂದರೆ ನಂಬಿ.

ಪಕ್ಕದಲ್ಲಿ ಕೂತಿದ್ದ ಶಿವಕ್ಕ ಮಾತ್ರ ಟಿವಿಯ ಕಡೆಗೇ ಕೈ ಚಾಚಿ ಕೂಗಿದಳು: "ಅಯ್ಯ, ಆಕಿಗೆ ಏಳಾಕ ಬರವಲ್ದ್ರಿ! ಯಾರರ ಒಬ್ಬರು ಕೈ ಹಿಡೀರಿ!"