ಬಡಾವಣೆಯ ಮೊದಲ ಮನೆ ಕೀರ್ತಿರಾಜ್

ಚನ್ನರಾಯಪಟ್ಟಣದ ಅಂಚಿನಲ್ಲಿರುವ ನಮ್ಮ ಬಡಾವಣೆಯಲ್ಲಿ ಮೊದಲು ಮನೆ ಕಟ್ಟಿದವನು ಕೀರ್ತಿರಾಜ್. ಜೀವಮಾನದಲ್ಲಿ ಮಾಡಿದ ಒಂದೇ ಸಾಧನೆ ಎಂಬಂತೆ ಇದನ್ನು ಅವನು ಪದಕದ ಹಾಗೆ ಎದೆಗೆ ಚುಚ್ಚಿಕೊಂಡು ತಿರುಗುತ್ತಿದ್ದ. ಹೊಸದಾಗಿ ಸೈಟು ಕೊಂಡವರು ಸಿಕ್ಕಿದರೆ ಗೇಟಿನಲ್ಲೇ ನಿಲ್ಲಿಸಿ, "ನಾನು ಬಂದಾಗ ಇಲ್ಲಿ ನರಪಿಳ್ಳೆ ಇರ್ಲಿಲ್ಲ ಸಾರ್" ಎನ್ನುತ್ತಿದ್ದ. ಸುಳ್ಳು. ಅವನ ಹಿತ್ತಲಿನಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ದಲಿತರ ಕೇರಿ ಅವನ ತಾತನ ಕಾಲದಿಂದಲೂ ಇತ್ತು. ಈ ಜಮೀನಿನಲ್ಲಿ ರಾಗಿ ಬೆಳೆಯುತ್ತಿದ್ದಾಗ ಕಳೆ ಕಿತ್ತವರೂ ಕೊಯ್ದವರೂ ಆ ಕೇರಿಯವರೇ. ಅವರನ್ನು ಅವನು ಜನರ ಲೆಕ್ಕಕ್ಕೆ ಹಿಡಿದಿರಲಿಲ್ಲ, ಅಷ್ಟೇ.

ಹಳ್ಳಿಮೈಸೂರಿನ ದೊಡ್ಡ ಜಮೀನಿನ ಮನೆಯವನು. ಇಲ್ಲಿ ಯಾವುದೋ ಕಚೇರಿಯಲ್ಲಿ ಗುಮಾಸ್ತ. ಮನೆ ಕಟ್ಟುವಾಗ ನಲ್ಲಿಯಿಲ್ಲ, ಬೋರಿಲ್ಲ. ಕೊಡ ಹಿಡಿದು ಕೇರಿಯ ಬಾವಿಯ ಹತ್ತಿರ ಹೋಗಿ ನಿಂತ. ಕೇರಿಯ ಮಂಚಯ್ಯನ ಹೆಂಡತಿ ಸುಬ್ಬಮ್ಮ, "ಸೇದ್ಕಳಿ ಸಾ, ನೀರ್ಗೇನ್ ಬ್ಯಾಡ ಅನ್ನಕಾದದಾ?" ಎಂದಳು. ಆ ನೀರಿನಲ್ಲೇ ಅವನ ಗೋಡೆ ಎದ್ದಿತು, ಅನ್ನ ಬೆಂದಿತು.

ಒಕ್ಕಲು ಬಂದ ವರ್ಷವೇ ಅವನ ಹೆಂಡತಿ ಸಿಂಧುವಿಗೆ ಹಿತ್ತಲಲ್ಲಿ ಹಾವು ಕಚ್ಚಿತು. ಅವನು ಕಚೇರಿಯಲ್ಲಿದ್ದ. ಕೂಗು ಕೇಳಿ ಓಡಿಬಂದವನು ಮಂಚಯ್ಯನ ಮಗ ಶಿವರಾಜು. ಸಿಂಧುವನ್ನು ತನ್ನ ಬೈಕಿನಲ್ಲಿ ಕೂರಿಸಿ, ಬೀಳದಂತೆ ಹಿಡಿದುಕೊಳ್ಳಲು ಹಿಂದೆ ಸುಬ್ಬಮ್ಮನನ್ನು ಹತ್ತಿಸಿ, ಕೇರಿಯಿಂದ ಬಡಾವಣೆ ಹಾದು ಹೆದ್ದಾರಿಗೆ ಸೇರುವ ಬಂಡಿದಾರಿಯಲ್ಲಿ ಆಸ್ಪತ್ರೆಗೆ ಓಡಿಸಿದ. ಸಿಂಧು ಬದುಕಿದಳು. ಕೀರ್ತಿರಾಜ್ ಶಿವರಾಜುವಿನ ಭುಜ ತಟ್ಟಿ, "ಒಳ್ಳೆ ಹುಡುಗ ಕಣಯ್ಯ" ಎಂದ. ಅವನ ಕೃತಜ್ಞತೆ ಅಲ್ಲಿಗೆ ಮುಗಿಯಿತು.

ಬಡಾವಣೆ ತುಂಬಿತು, ನಿವಾಸಿಗಳ ಸಂಘವಾಯಿತು, ಅವನೇ ಅಧ್ಯಕ್ಷನಾದ. ಕೇರಿ ಕಣ್ಣಿಗೆ ಬಿದ್ದರೆ ಸೈಟಿನ ಬೆಲೆ ಇಳಿಯುತ್ತದೆಂದು ಸಭೆಯಲ್ಲಿ ಹೆದರಿಸಿ, ಬಂಡಿದಾರಿಗೆ ಅಡ್ಡಲಾಗಿ ಆಳೆತ್ತರದ ಗೋಡೆ ಎಬ್ಬಿಸಿದ. ಯಾಕೆಂದರೆ "ಸೆಕ್ಯೂರಿಟಿ". ಕೇರಿಯ ಮಕ್ಕಳು ಕೆರೆ ಏರಿ ಸುತ್ತಿಕೊಂಡು ಶಾಲೆಗೆ ಹೋಗಬೇಕಾಯಿತು.

ಶಿವರಾಜು ಕೇಳಲು ಬಂದ. "ಇದು ನಮ್ ದಾರಿ ಅಲ್ವಾ ಸಾ?"

"ಯಾವ್ ದಾರಿನಯ್ಯ? ಕಾಸ್ ಕೊಟ್ಟು ಸೈಟ್ ತಗಂಡಿರೋರು ನಾವು."

"ಸಿಂಧಕ್ಕನ್ನ ಆಸ್ಪತ್ರೆಗೆ ಕರ್ಕಂಡೋದಾಗ ದಾರಿ ಆಗಿತ್ತು."

ಕೀರ್ತಿರಾಜ್ ಗೇಟು ಹಾಕಿಕೊಂಡ.

ಶಿವರಾಜು ದೂರು ಕೊಟ್ಟ. ಸರ್ವೆಯವರು ಅಳೆಯಲು ಬಂದ ದಿನ ನಾವೆಲ್ಲ ಬೀದಿಯಲ್ಲಿ ಸೇರಿದ್ದೆವು. ಇಲ್ಲಿ ಎಂದೂ ದಾರಿಯೇ ಇರಲಿಲ್ಲ ಎಂದು ಕೀರ್ತಿರಾಜ್ ಕೂಗಾಡುತ್ತಿರುವಾಗ ಸಿಂಧು ನೈಟಿಯ ಮೇಲೊಂದು ಟವೆಲ್ ಹೊದ್ದು ಹೊರಗೆ ಬಂದಳು.

"ಸುಳ್ಳೇಳ್ತಾವ್ರೆ ಸಾ. ಆವು ಕಚ್ದಾಗ ಈ ದಾರೀಲೇ ನನ್ನ ಕರ್ಕಂಡೋಗಿದ್ದು. ಇಲ್ದಿದ್ರೆ ಇವ್ರು ಇನ್ನೊಂದ್ ಮದ್ವೆ ಆಗಿರೋರು."

ಬೀದಿಗೆ ಬೀದಿಯೇ ನಕ್ಕಿತು. ಅಳತೆಯಲ್ಲೂ ದಾರಿ ಇದ್ದದ್ದು ನಿಜವೆಂದು ಬಂತು. ಜೆಸಿಬಿ ಗೋಡೆ ಕೆಡವುವಾಗ ಅಧ್ಯಕ್ಷರು ಬಚ್ಚಲಲ್ಲಿದ್ದರು.

ಮುಂದೆ ಅವನ ಮನೆಯೆದುರಿನ ಖಾಲಿ ಸೈಟನ್ನೇ ಶಿವರಾಜುವಿನ ತಂಗಿ, ನರ್ಸ್ ಯಶೋಧರಾ ಕೊಂಡು ಮನೆ ಕಟ್ಟಿಸಿದಳು. ಗೃಹಪ್ರವೇಶದಲ್ಲಿ ಬುದ್ಧವಂದನೆ ಆಯಿತು, ಊಟ ಆಯಿತು. ಸಿಂಧು ಮೊದಲ ಪಂಕ್ತಿಯಲ್ಲೇ ಕೂತು ಪಾಯಸ ಎರಡು ಸಲ ಹಾಕಿಸಿಕೊಂಡಳು. ಕೀರ್ತಿರಾಜ್ ತಲೆನೋವೆಂದು ಕಿಟಕಿ ಮುಚ್ಚಿಕೊಂಡು ಮಲಗಿದ. ಎದುರುಮನೆಯ ಬಾಗಿಲಲ್ಲಿ ಸುಬ್ಬಮ್ಮ ಕುರ್ಚಿ ಹಾಕಿಕೊಂಡು ಕೂರುವುದನ್ನು ದಿನಾ ನೋಡುವುದು ಅವನಿಂದಾಗಲಿಲ್ಲ. ವಾಸ್ತು ಸರಿಯಿಲ್ಲ ಎಂದು ನೆಪ ಹೇಳಿ, ಬಂದ ಬೆಲೆಗೆ ಮನೆ ಮಾರಿ, ಹಾಸನ ರಸ್ತೆಯ ಹೊಸ ಬಡಾವಣೆಯೊಂದಕ್ಕೆ ಹೊರಟ.

ಸಿಂಧು ಸುಬ್ಬಮ್ಮನ ಕೈ ಹಿಡಿದು ಅಳುತ್ತಿದ್ದಳು. ಇವನು ಕಾರಿನಲ್ಲಿ ಕೂತು ಹಾರನ್ ಒತ್ತುತ್ತಿದ್ದ.

"ಓಗ್ಬುಟ್ಟು ಬಾ ಕಣವ್ವ, ದಾರಿ ಅದೆ" ಎಂದಳು ಸುಬ್ಬಮ್ಮ. ಸಿಂಧು ಈಗಲೂ ಆಗಾಗ ಬಸ್ಸು ಹತ್ತಿ ಬರುತ್ತಾಳೆ. ಗಂಡ ಹೊಸ ಬಡಾವಣೆಯ ಸಂಘದ ಚುನಾವಣೆಗೂ ನಿಂತು ಸೋತನಂತೆ.