ಠಾಣೆಯಲ್ಲಿ ಉಡಿ ತುಂಬಿದರು

ಹುಬ್ಬಳ್ಳಿಯಿಂದ ಬೆಳಗಿನ ಪ್ಯಾಸೆಂಜರ್ ಹಿಡಿದು ಕೊಪ್ಪಳದಲ್ಲಿ ಇಳಿದಾಗ ನನ್ನ ವಕೀಲಿಕೆಯ ಬಿಳಿ ಸೀರೆ ಬಿಳಿಯಾಗಿ ಉಳಿದಿರಲಿಲ್ಲ. ಉಗಿಬಂಡಿಯ ಮಸಿಯೆಲ್ಲ ನನ್ನ ಕಿಟಕಿಯನ್ನೇ ಹುಡುಕಿಕೊಂಡು ಬಂದಿತ್ತು. ಎಂಬತ್ತರ ದಶಕದ ನಡುವಿನ ಬಿರುಬೇಸಿಗೆ ಅದು. ಹೆಂಡತಿಗೆ ಹಿಂಸೆ ಕೊಡುವ ಗಂಡನನ್ನು ಜೇಲಿಗೆ ಕಳಿಸಬಹುದಾದ ಹೊಸ ಕಲಮು ಬಂದು ಬಹಳ ದಿನವಾಗಿರಲಿಲ್ಲ. ಅದಕ್ಕೆ ಇನ್ನೇನು ಸೇರಿಸಬೇಕೆಂದು ಸರಕಾರಕ್ಕೆ ಹೇಳಲು ನಾವು ಕೆಲವು ಮಹಿಳಾ ವಕೀಲರು ಸೀಮೆ ಹಂಚಿಕೊಂಡಿದ್ದೆವು. ನನ್ನ ಪಾಲಿಗೆ ಈ ತಾಲೂಕುಗಳು ಬಂದಿದ್ದವು.

ಕೊಪ್ಪಳಕ್ಕೆ ಹತ್ತಿಕೊಂಡ ಭಾಗ್ಯನಗರದಲ್ಲಿ ಗೆಳತಿ ಶಾರದಾಳ ಮನೆ. ಕನ್ನಡ ಸಾಲಿ ಟೀಚರು. "ಕಲಮು ಗಿಲಮು ಆಮ್ಯಾಲ, ಮೊದಲ ಕೈಕಾಲು ತೊಳಕೊಂಡು ಊಟಕ್ಕ ಕೂಡ್ರು" ಎಂದು ಗದರಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಬಡಿಸಿದಳು.

ಮರುದಿನ ಇಬ್ಬರೂ ಗಂಗಾವತಿಗೆ ಹೋದೆವು. ಕಾಲುವೆಯ ಪಕ್ಕ ಭತ್ತದ ಗದ್ದೆ, ಗಿರಣಿಗಳ ತೌಡಿನ ವಾಸನೆ, ಅರ್ಧ ಕನ್ನಡ ಅರ್ಧ ತೆಲುಗು ಮಾತು. ಗಿರಣಿಯಲ್ಲಿ ಅಕ್ಕಿ ಕೇರುವ ಹೆಂಗಸರನ್ನು ಕೂಡಿಸಿ ಹೊಸ ಕಾನೂನು ವಿವರಿಸಿದೆ. "ಹೊಡದ್ರ ಜೇಲಾ? ಖರೇನ?" ಎಂದು ಬಿದ್ದು ಬಿದ್ದು ನಕ್ಕರು. ನನಗೆ ಭಾರಿ ಹುರುಪು ಬಂತು.

ಮೂರನೇ ದಿನ ಯಲಬುರ್ಗಿಗೆ ಹೋಗಿ, ಅಲ್ಲಿಂದ ಕುಷ್ಟಗಿಗೆಂದು ಹೊರಟೆವು. ಬೇವೂರು ದಾಟಿದ ಮೇಲೆ ಬಸ್ಸು ಒಂದು ಊರಲ್ಲಿ ಚಹಾಕ್ಕೆ ನಿಂತಿತು. ಊರಿನ ಹೆಸರು ಬರೆದರೆ ಅಲ್ಲಿ ಸಿಕ್ಕ ಹೆಣ್ಣುಮಗಳ ಗುರುತು ಹತ್ತುತ್ತದೆ, ಬರೆಯುವುದಿಲ್ಲ. ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಅವಳು ಕುಳಿತಿದ್ದಳು. ತುಟಿ ಒಡೆದಿತ್ತು. ಎಡಗೈಯನ್ನು ಹರಕು ಸೀರೆಯಲ್ಲಿ ಕಟ್ಟಿ ಕೊರಳಿಗೆ ಜೋತುಬಿಟ್ಟಿದ್ದಳು. ನೀಲವ್ವ ಎಂದು ಕರೆಯೋಣ.

"ಗಂಡ ಒನಕಿಲೆ ಹೊಡದಾನ್ರಿ. ಇನ್ನೊಮ್ಮಿ ಮಾತಾಡಿದ್ರ ಬಾವಿಗೆ ನೂಕ್ತೀನಿ ಅಂದಾನ" ಎಂದಳು. ಅಪ್ಪ ಅವ್ವ ಸತ್ತಿದ್ದರು. ಅಣ್ಣ ಬಾಗಿಲಲ್ಲೇ ನಿಲ್ಲಿಸಿ ತಿರುಗಿ ಕಳಿಸಿದ್ದ. ನಮ್ಮ ಬಸ್ಸು ಹೋದರೆ ಹೋಗಲಿ ಎಂದು ಅವಳನ್ನು ಮೊದಲು ದವಾಖಾನೆಗೆ, ಅಲ್ಲಿಂದ ಠಾಣೆಗೆ ಕರೆದುಕೊಂಡು ಹೋದೆವು.

ಫೌಜದಾರ ಸಿಡುಕಿನವನಲ್ಲ. ಕುರ್ಚಿ ಹಾಕಿಸಿದ, ಚಹಾ ತರಿಸಿದ, ಪಕ್ಕದ ಹಳ್ಳಿಯಲ್ಲಿದ್ದ ಗಂಡನಿಗೂ ಹೇಳಿ ಕಳಿಸಿದ. ಆ ಮಹಾರಾಯ ಎಣ್ಣೆ ಹಚ್ಚಿ ತಲೆ ಬಾಚಿಕೊಂಡು, ನಂಟರ ಮನೆಗೆ ಬಂದವನ ಹಾಗೆ ಬಂದು ಬೆಂಚಿನ ಮೇಲೆ ಕೂತ. ಅವನಿಗೂ ಚಹಾ ಬಂತು! ಫೌಜದಾರ ಕಪಾಟು ತೆರೆದ. ಬೇಡಿಯೋ ಕಾಗದವೋ ತೆಗೆಯುತ್ತಾನೆ ಅಂದುಕೊಂಡೆ. ತೆಗೆದದ್ದು ಕುಬಸದ ಖಣ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು, ಒಂದು ತಾಟು ಅಕ್ಕಿ. ಹಿಂದಿನ ಕ್ವಾರ್ಟರ್ಸಿನಿಂದ ಅವನ ಹೆಂಡತಿ ಕುಂಕುಮದ ಬಟ್ಟಲು ಹಿಡಿದು ಬಂದಳು.

"ಕೇಸು ಮಾಡಿ ಮನಿ ಮುರಿಯಾಂವ ಅಲ್ರಿ ನಾ" ಎಂದ ಫೌಜದಾರ. "ತವರಿಲ್ಲದ ಹೆಣ್ಣುಮಕ್ಕಳಿಗೆ ನಮ್ಮ ಠಾಣಿನ ತವರು. ಉಡಿ ತುಂಬಿ, ಗಂಡಗ ಬುದ್ಧಿ ಹೇಳಿ ಕಳಸ್ತೇವಿ. ಭಾಳ ಮಂದೀನ ಹಿಂಗ ದಡಾ ಮುಟ್ಟಿಸೇನಿ. ನೀವೂ ಮುತ್ತೈದೇರು, ಒಂದ ಹಿಡಿ ಹಾಕ್ರಿ."

ತಾಟು ನನ್ನ ಮುಂದೆ ಬಂತು. ಅದನ್ನು ಆಚೆ ತಳ್ಳಿ ಎದ್ದು ನಿಂತೆ.

"ನಿಮಗ ತಲಿ ನೆಟ್ಟಗ ಐತಿಲ್ಲೋ? ಅಕಿ ಕೈ ಮುರದೈತಿ, ನೀವು ಉಡಿ ತುಂಬಾಕ ಹತ್ತೀರಿ! ಹೊಸಾ ಕಲಮು ಐತಿ, ಕೇಸು ಬರಕೋರಿ!"

ಅವನಿಗೆ ಸಿಟ್ಟೂ ಬರಲಿಲ್ಲ. "ಅಕಿನ್ನ ಕೇಳ್ರಿ. ಬರಿ ಅಂದ್ರ ಈಗಿಂದೀಗ ಬರೀತೇನಿ" ಎಂದ.

ನೀಲವ್ವ ನನ್ನ ಕಡೆ ತಿರುಗಿದಳು. "ಅಕ್ಕಾರ, ಇವನ್ನ ಒಳಗ ಹಾಕಿದ್ರ ನಮ್ಮತ್ತಿ ಬಾಗಲಾ ಹಾಕ್ತಾಳ. ಆ ಬಾಗಲಾ ನಿಮ್ಮ ಕಾನೂನು ತೆರಸ್ತೈತೇನ್ರಿ?"

ಓದಿದ್ದನ್ನೆಲ್ಲ ತಲೆಯಲ್ಲಿ ತಿರುವಿ ಹಾಕಿದೆ. ಗಂಡನಿಗೆ ಶಿಕ್ಷೆಯಿತ್ತು. ಜೀವನಾಂಶಕ್ಕೆ ವರ್ಷಗಟ್ಟಲೆ ಅಲೆಯುವ ದಾರಿಯಿತ್ತು. ಇವತ್ತು ಈ ಹೆಂಗಸನ್ನು ಅವಳ ಮನೆಯೊಳಗೆ ಬಿಡಿ ಎನ್ನುವ ಒಂದು ಸಾಲೂ ಕೈಗೆ ಸಿಗಲಿಲ್ಲ.

"ಇಲ್ಲವ್ವಾ" ಎಂದೆ.

"ನಮ್ಮ ಮನಿಗೆ ಬಾ" ಎಂದು ಶಾರದಾ ಅವಳ ಭುಜ ಹಿಡಿದಳು.

"ನಿಮ್ಮ ಹೊಟ್ಟಿ ತಣ್ಣಗಿರ್ಲಿ ಟೀಚರ. ನನ್ನ ಮಗಳು ಅಲ್ಲೇ ಅದಾಳ. ನಾ ಹೊರಗ ಉಳದ್ರ ಅಕಿನ್ನ ನನಗ ಕೊಡಂಗಿಲ್ಲ." ಹಾಗೆಂದವಳು ಒಂದೇ ಕೈಯಲ್ಲಿ ಸೆರಗು ಒಡ್ಡಿದಳು. ಇನ್ನೊಂದು ತುದಿ ಹಿಡಿಯಲು ಅವಳಿಗೆ ಕೈಯೇ ಇರಲಿಲ್ಲ. ಫೌಜದಾರನ ಹೆಂಡತಿ ಹಿಡಿದಳು. ಇನ್ನೊಂದು ಕೈಯಿಂದ ಖಣ, ಕೊಬ್ಬರಿ, ಅಕ್ಕಿ ಉಡಿಗೆ ಹಾಕಿದಳು.

ಉಡಿ ತುಂಬಿಸಿಕೊಂಡ ಮಗಳು ತವರು ತಂಪಾಗಿರಲಿ ಎಂದು ಒಂದು ಚಿಟಿಕೆ ಅಕ್ಕಿ ಹಿಂದಿರುಗಿಸಿ ಹೋಗುವುದು ನಮ್ಮ ಕಡೆಯ ಪದ್ಧತಿ. ಫೌಜದಾರ ತಾಟು ಚಾಚಿದ. ನೀಲವ್ವ ಅದನ್ನು ದಾಟಿ ನನ್ನ ಹತ್ತಿರ ಬಂದು, ಆ ಚಿಟಿಕೆ ಅಕ್ಕಿಯನ್ನು ನನ್ನ ಅಂಗೈಗೆ ಹಾಕಿದಳು.

"ಬರ್ತೇನ್ರಿ ಅಕ್ಕಾರ. ನನ್ನ ಸಲುವಾಗಿ ಜಗಳಾಡಿದ್ರಿ. ನಿಮ್ಮ ಮನಿ ತಣ್ಣಗಿರ್ಲಿ."

ಗಂಡ ಚಹಾದ ಕಪ್ಪು ಕೆಳಗಿಟ್ಟು ಎದ್ದ. ಕುಷ್ಟಗಿಗೆ ಹೋಗುವ ಕಸುವು ನಮಗೆ ಉಳಿದಿರಲಿಲ್ಲ, ಕೊಪ್ಪಳದ ಬಸ್ಸು ಹತ್ತಿದೆವು. ಊರ ಹೊರಗೆ ಬಸ್ಸು ಅವರಿಬ್ಬರನ್ನು ದಾಟಿತು. ಹಿಂತಿರುಗಿ ನೋಡಿದೆ. ಅವನು ಕೈ ಬೀಸಿಕೊಂಡು ಮುಂದೆ ನಡೆದಿದ್ದ. ಅವಳು ಹಿಂದೆ, ಉಡಿಯ ಅಕ್ಕಿ ಚೆಲ್ಲದ ಹಾಗೆ ಒಂದೇ ಕೈಯಲ್ಲಿ ಅವಚಿಕೊಂಡು, ಅವನ ನಡಿಗೆಗೆ ಸರಿಯಾಗಿ ಓಡುತ್ತಿದ್ದಳು.